ಮಾಯ್ ನದಿಯ ಸಾಲ್ಮನ್: ನನ್ನ ತುಂಡು ಹೊಳೆಯ ಸೀಸನ್ ಟಿಪ್ಪಣಿ

ಮೇ ಕೊನೆ

ಈ ಸಲ ಹೊಸ ಫ್ಲೈ (ಕೊಕ್ಕೆಗೆ ಗರಿ, ನೂಲು ಸುತ್ತಿದ ಕೃತಕ ಹುಳು) ಕೊಳ್ಳುವುದಿಲ್ಲ, ಹೊಸ ಜಾಗ ಹುಡುಕುವುದಿಲ್ಲ. ಫಾಕ್ಸ್‌ಫರ್ಡ್ ಊರಿನಿಂದ ಮೇಲಕ್ಕೆ, ಗಾಳ ಹಾಕುವವರ ಕ್ಲಬ್ಬಿನ ನೀರಿನಲ್ಲಿ ಒಂದೇ ಒಂದು ತುಂಡು ಹಿಡಿದುಕೊಂಡು, ಅಲ್ಲಿ ಮೀನು ಎಲ್ಲಿ ನಿಲ್ಲುತ್ತದೆ, ಯಾವಾಗ ನಿಲ್ಲುತ್ತದೆ ಅಂತ ಬರೆದಿಡುವುದು. ಇಷ್ಟೇ ಯೋಜನೆ.

ಮಾಯ್ ಐರ್ಲೆಂಡಿನ ಪಶ್ಚಿಮದ ಹೊಳೆ. ಸ್ಲೈಗೋ ಕೌಂಟಿಯ ಆಕ್ಸ್ ಬೆಟ್ಟಗಳಲ್ಲಿ ಹುಟ್ಟಿ, ಮೇಯೋ ಕೌಂಟಿಯಲ್ಲಿ ಬಳಸಿ ಬಂದು, ಬಾಲಿನಾ ದಾಟಿ ಕಿಲಾಲಾ ಕೊಲ್ಲಿ ಸೇರುತ್ತದೆ. ಉದ್ದ ಸುಮಾರು 100 ಕಿ.ಮೀ. ಹೆಸರುವಾಸಿ ಜಾಗ ಅಂದರೆ ಬಾಲಿನಾ ಊರೊಳಗಿನ ರಿಡ್ಜ್ ಪೂಲ್. ಐರ್ಲೆಂಡ್ ಫುಟ್‌ಬಾಲ್ ತಂಡದ ಮ್ಯಾನೇಜರ್ ಆಗಿದ್ದ ಜ್ಯಾಕ್ ಚಾರ್ಲ್ಟನ್ ಆ ಊರಿನಲ್ಲೇ ಒಂದು ಮನೆ ಮಾಡಿಕೊಂಡಿದ್ದರು, ಈ ಹೊಳೆಯ ಮೀನಿಗಾಗಿ. ನನಗೆ ಅಲ್ಲಿನ ಟಿಕೆಟ್ ದುಬಾರಿ, ಸೇತುವೆ ಮೇಲೆ ನಿಂತು ನೋಡುವವರೂ ಜಾಸ್ತಿ.

ನನ್ನ ತುಂಡು ನೋಡಲು ಚೆಂದವೇನಲ್ಲ. 1960ರ ದಶಕದಲ್ಲಿ ಪ್ರವಾಹ ತಗ್ಗಿಸಲು ಮಾಯ್ ನದಿಯ ತಳ ಅಗೆದರು. ಅಗೆದ ಮಣ್ಣು ಕಲ್ಲೆಲ್ಲ ದಡದ ಮೇಲೆ ದಿಬ್ಬವಾಗಿ ಕೂತಿದೆ. ಹೊಳೆ ನೇರ, ದಡ ಎತ್ತರ. ಸಹಜವಾದ ಮಡುಗಳು ಕಡಿಮೆ. ಹಾಗಾಗಿ ನೀರಿನಡಿ ಉಳಿದಿರುವ ಒಂದೊಂದು ಬಂಡೆಗೂ ಬೆಲೆ ಇದೆ.

ಜೂನ್

ಗ್ರಿಲ್ಸ್ ಬರತೊಡಗಿವೆ. ಸಮುದ್ರದಲ್ಲಿ ಒಂದೇ ಚಳಿಗಾಲ ಕಳೆದು ವಾಪಸ್ ಬರುವ ಸಾಲ್ಮನ್‌ಗೆ ಇಲ್ಲಿ ಹಾಗೆನ್ನುತ್ತಾರೆ. ಹೆಚ್ಚಿನವು ಎರಡು, ಎರಡೂವರೆ ಕಿಲೋ ತೂಗುತ್ತವೆ.

ನಮ್ಮ ಕಡೆಯವರಿಗೆ ಮೊದಲು ತಲೆಕೆಡಿಸುವ ವಿಷಯ ಇದು: ಮೊಟ್ಟೆಯಿಡಲು ಕಡಲಿಂದ ಹೊಳೆಗೆ ಬಂದ ಸಾಲ್ಮನ್ ಏನನ್ನೂ ತಿನ್ನುವುದಿಲ್ಲ. ಕಾವೇರಿಯಲ್ಲಿ ಮಹಶೀರ್‌ಗೆ ರಾಗಿ ಹಿಟ್ಟಿನ ಉಂಡೆ ಕಟ್ಟುತ್ತಿದ್ದರು, ಮೀನು ಹಸಿದು ಬರುತ್ತಿತ್ತು. ಇಲ್ಲಿ ಹಸಿವಿನ ಲೆಕ್ಕವೇ ಇಲ್ಲ. ಸಿಟ್ಟೋ, ಹಳೇ ಅಭ್ಯಾಸವೋ, ಯಾವುದೋ ಒಂದು ಗಳಿಗೆಯಲ್ಲಿ ಫ್ಲೈಗೆ ಬಾಯಿ ಹಾಕುತ್ತದೆ. ಅದಕ್ಕೇ ನನ್ನ ವಾದ: ಫ್ಲೈ ಯಾವುದು ಅನ್ನುವುದಕ್ಕಿಂತ ನೀರು ಹೇಗಿದೆ ಅನ್ನುವುದು ಮುಖ್ಯ. ಕ್ಯಾಸ್ಕೇಡ್ ಒಂದು, ಆ್ಯಲೀಸ್ ಶ್ರಿಂಪ್ ಒಂದು, ಎರಡು ಮೂರು ಸೈಜಿನಲ್ಲಿ. ಸಾಕು.

ನೀರಿನ ಮಟ್ಟಕ್ಕೆ ಬಾಲಿನಾ ಹತ್ತಿರದ ರಹಾನ್ಸ್ ಮಾಪಕವನ್ನು ಫೋನಿನಲ್ಲೇ ನೋಡುತ್ತೇನೆ. ಅದರ ಜೊತೆಗೆ ನಮ್ಮ ದಡದ ಒಂದು ಬೇಲಿ ಗೂಟವನ್ನೂ ಗುರುತು ಇಟ್ಟುಕೊಂಡಿದ್ದೇನೆ. ಇಲ್ಲಿಯವರೆಗೆ ಕಂಡದ್ದು: ನೀರು ಏರುವಾಗ ಮೀನು ಓಡುತ್ತಲೇ ಇರುತ್ತದೆ, ಫ್ಲೈ ಕಡೆ ನೋಡುವುದಿಲ್ಲ. ಇಳಿಯತೊಡಗಿ, ಕೆಸರು ತಗ್ಗಿ, ಹಾಲು ಹಾಕದ ಚಹಾದ ಬಣ್ಣಕ್ಕೆ ಬಂದಾಗ ನಿಲ್ಲುತ್ತದೆ. ಕಚ್ಚುವುದು ಆಗ. ಕಾನ್ ಮತ್ತು ಕಲಿನ್ ಸರೋವರಗಳ ನೀರು ಸೇರಿದ ಮೇಲೆ ಹೊಳೆ ನಿಧಾನವಾಗಿ ಇಳಿಯುತ್ತದೆ. ಅದಕ್ಕಿಂತ ಮೇಲಿರುವ ನಮ್ಮಲ್ಲಿ ಬೇಗ ಇಳಿಯುತ್ತದೆ. ಸರೋವರಗಳಿಗಿಂತ ಕೆಳಗಿರುವ ಮಾಪಕವನ್ನಷ್ಟೇ ನಂಬಿ ಹೊರಟರೆ ಒಳ್ಳೆಯ ಹೊತ್ತು ದಾಟಿರುತ್ತದೆ.

ಮೊದಲ ಮೀನು ಅಂಥ ಒಂದು ಸಂಜೆ ಬಂತು. ಫ್ಲೈಯನ್ನು ಓರೆಯಾಗಿ ಎಸೆದು, ಸೆಳವಿನಲ್ಲಿ ತೇಲಿ ಈಚೆ ಬರಲು ಬಿಟ್ಟಿದ್ದೆ. ಮಡುವಿನ ಬಾಲದಲ್ಲಿ, ಅಂದರೆ ಅದರ ಕೆಳತುದಿಯಲ್ಲಿ, ಲೈನ್ ಸುಮ್ನೆ ಭಾರವಾಯಿತು. ಆಗ ರಾಡ್ ಎತ್ತಬಾರದು, ಅದೇ ಕಷ್ಟ. ಮೀನು ತಿರುಗಿ ಲೈನ್ ಎಳೆದುಕೊಂಡು ಹೋಗಲಿ, ಕೊಕ್ಕೆ ತಾನೇ ಬಾಯಿಯ ಮೂಲೆಗೆ ಸಿಗುತ್ತದೆ. ಹೊಟ್ಟೆಯ ಹತ್ತಿರ ಇನ್ನೂ ಸಮುದ್ರದ ಹೇನುಗಳಿದ್ದವು. ಸಿಹಿನೀರಿನಲ್ಲಿ ಅವು ಹೆಚ್ಚು ದಿನ ಉಳಿಯುವುದಿಲ್ಲ, ಅಂದರೆ ಮೀನು ಈಗಷ್ಟೇ ಕಡಲಿಂದ ಬಂದದ್ದು. ಕಿವಿರಿಗೆ ಟ್ಯಾಗ್ ಕಟ್ಟಿ, ಲೈಸೆನ್ಸ್ ಜೊತೆ ಕೊಟ್ಟ ಲಾಗ್‌ಬುಕ್ಕಿನಲ್ಲಿ ಅಲ್ಲೇ ಬರೆದೆ. ಟ್ಯಾಗ್ ಇಲ್ಲದೆ ಮೀನು ಇಟ್ಟುಕೊಳ್ಳುವಂತಿಲ್ಲ. ಗಾಳಕ್ಕೆ ಸಿಕ್ಕ ಸಾಲ್ಮನ್ ಮಾರುವುದೂ ಅಪರಾಧ. ತುಂಡುಗಳು ರವೆ ಹಚ್ಚಿ ತವಾಕ್ಕೆ, ತಲೆ ಸಾರಿಗೆ.

ಜುಲೈ

ಬಿಸಿಲು. ನೀರು 20 ಡಿಗ್ರಿ ಮುಟ್ಟಿತು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಹಿಡಿದು ಬಿಟ್ಟ ಮೀನೂ ಆಮೇಲೆ ಸಾಯಬಹುದು. ರಾಡ್ ಮನೆಯಲ್ಲೇ ಇಟ್ಟೆ.

ಆದರೆ ಕೆಲಸ ಆಯಿತು. ಹೊಳೆ ಸೊರಗಿದಾಗ ತಳ ಕಾಣುತ್ತದೆ ಅಲ್ವಾ? ದಿಬ್ಬದ ಮೇಲೆ ನಿಂತು, ಪೋಲರಾಯ್ಡ್ ಕನ್ನಡಕ ಹಾಕಿಕೊಂಡು, ಬಂಡೆ, ಗುಂಡಿ, ಜಲ್ಲಿಯ ಹಾಸು ಎಲ್ಲದರ ನಕ್ಷೆ ಬರೆದೆ. ಎಲ್ಲರೂ ಗಂಟೆಗಟ್ಟಲೆ ಎಸೆಯುವ ಒಂದು ಜಾಗದಲ್ಲಿ ಬರೀ ಚಪ್ಪಟೆ ತಳ. ಯಾರೂ ನಿಲ್ಲದ ಆಲ್ಡರ್ ಮರದ ಎದುರು ಮೂರು ದೊಡ್ಡ ಬಂಡೆ.

ಸುಮ್ಮನೆ ಕೂತಾಗ ಓದಿದ ಲೆಕ್ಕ ಮಾತ್ರ ಬೇಸರ ತರಿಸಿತು. ಐರ್ಲೆಂಡಿಗೆ ಮರಳುವ ಸಾಲ್ಮನ್ 1975ರಲ್ಲಿ 17.6 ಲಕ್ಷ ಇದ್ದವು, 2022ರಲ್ಲಿ 1,71,700. ಕಡಲಿನಲ್ಲಿ ತೇಲಬಿಡುವ ಡ್ರಿಫ್ಟ್ ಬಲೆಗಳನ್ನು 2007ರಿಂದ ನಿಲ್ಲಿಸಿದರೂ ಮೊದಲಿನ ಸಂಖ್ಯೆ ವಾಪಸ್ ಬರಲಿಲ್ಲ. ಇದನ್ನು ಓದಿದ ಮೇಲೆ ಈ ವರ್ಷ ಇನ್ನು ಸಿಕ್ಕದ್ದನ್ನೆಲ್ಲ ಬಿಡುವುದೆಂದು ತೀರ್ಮಾನಿಸಿ, ಕೊಕ್ಕೆಗಳ ಮುಳ್ಳನ್ನು ಇಕ್ಕಳದಲ್ಲಿ ಒತ್ತಿಬಿಟ್ಟೆ.

ಆಗಸ್ಟ್

ಮಳೆ ಬಂತು, ನೀರು ಏರಿ ಇಳಿಯಿತು. ಬೇಲಿ ಗೂಟದ ಬುಡ ಕಂಡ ದಿನ ಆಲ್ಡರ್ ಮರದ ಎದುರು ನಿಂತೆ. ಎದುರು ದಡದಲ್ಲಿ ಇಬ್ಬರು ಬಬಲ್ ಆ್ಯಂಡ್ ಫ್ಲೈ ಹಾಕುತ್ತಿದ್ದರು. ಪಾರದರ್ಶಕ ತೇಲುಬುರುಡೆಯ ಜೊತೆ ಫ್ಲೈ ಕಟ್ಟುವ ಈ ಪದ್ಧತಿ ಮಾಯ್ ಕಡೆ ಬಹಳ ನಡೆಯುತ್ತದೆ. ಮೂರನೇ ಬಂಡೆಯ ಹಿಂದೆ ಒಂದು ಮೀನು ಹಿಡಿಯಿತು, ಬಿಟ್ಟೆ. ಮುಂದಿನ ಇಳಿತದಲ್ಲಿ ಅದೇ ಬಂಡೆ, ಇನ್ನೊಂದು ಮೀನು. ಮೊದಲ ಎರಡು ಬಂಡೆಗಳ ಹಿಂದೆ ಏನೂ ಇಲ್ಲ, ಕಾರಣ ಇನ್ನೂ ಗೊತ್ತಾಗಿಲ್ಲ. ಸೆಳವು ಅಲ್ಲಿ ಜಾಸ್ತಿ ಇರಬಹುದು.

ಸೀಸನ್ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ಗೂಟದ ಅರ್ಧ ಮಟ್ಟದ ನೀರಿನಲ್ಲಿ ಆ ಎರಡು ಬಂಡೆಗಳನ್ನು ಸಿಂಕ್ ಟಿಪ್ (ತುದಿ ಮಾತ್ರ ಮುಳುಗುವ) ಲೈನಿನಲ್ಲಿ ಪರೀಕ್ಷಿಸಬೇಕು. ಆಮೇಲೆ ಲಾಗ್‌ಬುಕ್ ವಾಪಸ್ ಕಳಿಸಬೇಕು. ಮೀನೇ ಸಿಗದವರೂ ಕಳಿಸಲೇಬೇಕು.