ಬಿಳಿ ಅಂಚು, ಬಿಳಿ ತಾರಸಿ

ಡ್ರೋನ್ ಚಿತ್ರಗಳನ್ನು ಜೋಡಿಸಿದ ಮೊಸಾಯಿಕ್ ವೆಬ್ ಮ್ಯಾಪಿಗೆ ಹೋಗುವ ಮುಂಚೆ ಸುತ್ತಲಿನ ಬಿಳಿ ಅಂಚು ತೆಗೆಯಲೇಬೇಕು. ಇಲ್ಲದಿದ್ದರೆ ಕೆಳಗಿರುವ ಮೂಲ ನಕ್ಷೆ, ಅಂದರೆ ಬೇಸ್‌ಮ್ಯಾಪ್, ಮುಚ್ಚಿಹೋಗುತ್ತದೆ.

ಸುಮ್ನೆ 255 ಅನ್ನು (ಅಚ್ಚ ಬಿಳಿ ಪಿಕ್ಸೆಲ್‌ನ ಬೆಲೆ) ನೋಡೇಟಾ, ಅಂದರೆ ಚಿತ್ರವೇ ಇಲ್ಲದ ಖಾಲಿ ಜಾಗ, ಮಾಡಿ ಅನ್ನುವವರೇ ಜಾಸ್ತಿ. ಬೆಂಗಳೂರಿನ ಚಿತ್ರಕ್ಕೆ ಅದು ಸಾಲದು. ಪೀಣ್ಯದ ಶೆಡ್ಡುಗಳ ಶೀಟು, ಬಿಸಿಲಿಗೆಂದು ಬಿಳಿ ಬಣ್ಣ ಬಳಿದ ತಾರಸಿ, ಮಧ್ಯಾಹ್ನದ ಚಿತ್ರದಲ್ಲಿ ಇವೂ 255 ಮುಟ್ಟುತ್ತವೆ. ಅಲ್ಲೆಲ್ಲ ತೂತು ಬೀಳುತ್ತದೆ. ಇತ್ತ ಜೆಪೆಗ್ ಕಂಪ್ರೆಷನ್ ಆದ ಅಂಚಿನಲ್ಲಿ ಬಿಳಿ 253, 250 ಹೀಗೆ ಚೂರು ಕದಡಿರುತ್ತದೆ. ಅದು ಹೋಗುವುದೇ ಇಲ್ಲ.

ಇದಕ್ಕೆ ನನಗೆ ಇಷ್ಟವಾದದ್ದು ಜಿಡಾಲ್ (GDAL) ಎಂಬ ನಕ್ಷೆ-ಚಿತ್ರಗಳ ಸಾಫ್ಟ್‌ವೇರ್‌ನ ನಿಯರ್‌ಬ್ಲ್ಯಾಕ್ ಟೂಲ್. ಹೆಸರಲ್ಲಿ ಬ್ಲ್ಯಾಕ್ ಇದ್ದರೂ ಬಿಳಿ ಅಂತ ಹೇಳಿದರೆ ಬಿಳಿಯನ್ನೇ ಹುಡುಕುತ್ತದೆ. ಹೊರಗಿನಿಂದ ಒಳಕ್ಕೆ ಬರುತ್ತದೆ, ಬೇರೆ ಬಣ್ಣದ ಪಿಕ್ಸೆಲ್‌ಗಳು ಸಾಲಾಗಿ ಸಿಕ್ಕರೆ ನಿಲ್ಲುತ್ತದೆ. ಎಷ್ಟು ವ್ಯತ್ಯಾಸ ಅಂತ ನಾವೇನೂ ಹೇಳದಿದ್ದರೂ 255ರಿಂದ 15ರವರೆಗಿನ ವ್ಯತ್ಯಾಸವನ್ನು ಬಿಳಿ ಅಂತಲೇ ಎಣಿಸುತ್ತದೆ. ಪಾರದರ್ಶಕತೆ ಹೇಳುವ ಪದರ, ಅಂದರೆ ಆಲ್ಫಾ ಬ್ಯಾಂಡ್, ಸೇರಿಸಿದರೆ ಅಂಚು ಪಾರದರ್ಶಕ.

ಮ್ಯಾಪ್ ತೆರೆದವರು ಮೊದಲು ಹುಡುಕುವುದು ತಮ್ಮ ಮನೆಯನ್ನೇ ಅಲ್ವಾ? ಅಲ್ಲಿ ತೂತಿರುವುದು ನನಗಂತೂ ಒಪ್ಪುವುದಿಲ್ಲ. ಅಂಚಿಗೇ ತಾಗಿಕೊಂಡ ಬಿಳಿ ತಾರಸಿಯನ್ನು ಮಾತ್ರ ಈ ಟೂಲ್ ಕೂಡ ತಿಂದುಬಿಡುತ್ತದೆ. ಅಂಥ ಕಡೆ ಕೈಯಲ್ಲೇ ಗಡಿ ಎಳೆದು ಕತ್ತರಿಸುತ್ತೇನೆ.