ಗಾಳಿ ಸೀಳುವುದು ಕಾರು, ದಾಖಲೆ ಮಾತ್ರ ಸೈಕಲ್ಲಿಗೆ ಯಾಕೆ?

2018ರ ಸೆಪ್ಟೆಂಬರ್ 16ರಂದು ಅಮೆರಿಕದ ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪುಬಯಲಿನಲ್ಲಿ ಡೆನಿಸ್ ಮುಲ್ಲರ್-ಕೋರೆನೆಕ್ ಗಂಟೆಗೆ 296 ಕಿ.ಮೀ. ವೇಗದಲ್ಲಿ ಸೈಕಲ್ ತುಳಿದು ದಾಖಲೆ ಬರೆದರು. ಮುಂದೆ ಓಡುತ್ತಿದ್ದದ್ದು ಶೇ ಹೋಲ್‌ಬ್ರುಕ್ ಚಲಾಯಿಸಿದ ರೇಸ್ ಕಾರು, ಅದರ ಹಿಂಬದಿಗೆ ಗಾಳಿ ತಡೆಯುವ ಗೂಡು. ಈ ವಿಷಯ ಎತ್ತಿದಾಗಲೆಲ್ಲ ಬರುವ ಪ್ರಶ್ನೆ ಒಂದೇ: ಇದು ಮೋಸ ಅಲ್ವಾ?

ಕಾರಿನ ಉಪಕಾರ ದೊಡ್ಡದು, ಒಪ್ಪೋಣ. ಬಯಲುಸೀಮೆಯ ರಸ್ತೆಯಲ್ಲಿ ಲಾರಿಯ ಮರೆಗೆ ಸೈಕಲ್ ಬಿಟ್ಟವರಿಗೆ ಅದರ ರುಚಿ ಗೊತ್ತು. ಮರೆಯೇ ಇಲ್ಲದೆ ಆ ವೇಗದಲ್ಲಿ ಗಾಳಿ ಸೀಳಲು ಸುಮಾರು 90 ಕಿಲೋವಾಟ್ ಬೇಕು. ಗಟ್ಟಿ ಸೈಕಲ್ ಪಟು ಕೆಲವು ನಿಮಿಷ ಕೊಡಬಲ್ಲದ್ದು 300–400 ವಾಟ್. ಆದರೆ ಗಾಳಿ ಹೋದರೂ ಉಪ್ಪಿನ ಮೇಲೆ ಟೈರು ಉರುಳುವ ತಡೆ ಉಳಿಯುತ್ತದೆ. ಅದೊಂದೇ ಆ 300–400 ವಾಟನ್ನು ನುಂಗಿಬಿಡಬಲ್ಲದು.

ನಿಜವಾದ ತಲೆನೋವು ಗೇರಿನದು. ಪೆಡಲಿನ ಬಳಿ 53 ಹಲ್ಲಿನ ಮುಂಚಕ್ರ, ಹಿಂಗಾಲಿಯ ನಡುವೆ 11 ಹಲ್ಲಿನ ಹಿಂಚಕ್ರ (ಚೈನು ಸುತ್ತುವ ಹಲ್ಲುಚಕ್ರಗಳಿವು) ಇರುವ ರೇಸ್ ಸೈಕಲ್ ಪೆಡಲಿನ ಒಂದು ಸುತ್ತಿಗೆ 10 ಮೀಟರ್ ಹೋಗುತ್ತದೆ. ಅದರಲ್ಲಿ 296 ಮುಟ್ಟಲು ನಿಮಿಷಕ್ಕೆ 490 ಸುತ್ತು ತುಳಿಯಬೇಕು, ಆಗದ ಮಾತು. ಡೆನಿಸ್ ಸೈಕಲ್ ಒಂದು ಸುತ್ತಿಗೆ ಸುಮಾರು 39 ಮೀಟರ್ ಹೋಗುತ್ತಿತ್ತು. ಇದನ್ನು ಒಂದೇ ಚೈನಿನಲ್ಲಿ ಸಾಧಿಸಹೊರಟರೆ 12 ಹಲ್ಲಿನ ಹಿಂಚಕ್ರಕ್ಕೆ 250 ಹಲ್ಲಿನ, ಒಂದು ಮೀಟರ್ ಅಗಲದ ಮುಂಚಕ್ರ ಬೇಕು. ಅದು ನೆಲಕ್ಕೇ ಉಜ್ಜುತ್ತದೆ. ಹಾಗಾಗಿ ಎರಡು ಚೈನು, ಎರಡು ಹಂತ.

ಇದಕ್ಕೆ ತೆರುವ ಬೆಲೆ ಹೊರಡುವಾಗ ಗೊತ್ತಾಗುತ್ತದೆ. ಪೆಡಲಿನ ಮೇಲೆ 70 ಕಿಲೋ ಭಾರ ಹಾಕಿ ನಿಂತರೂ ಹಿಂದಿನ ಟೈರು ನೆಲವನ್ನು ತಳ್ಳುವುದು ಎರಡು ಕಿಲೋದಷ್ಟು ಮಾತ್ರ. ಸೈಕಲ್ ಹೊರಡುವುದೇ ಕಷ್ಟ. ಅದಕ್ಕೇ ಮೊದಲು ಕೇಬಲ್ ಕಟ್ಟಿ ಕಾರೇ ಎಳೆಯುವುದು. ವೇಗ ಬಂದ ಮೇಲೆ ಕೇಬಲ್ ಬಿಡಿಸಿಕೊಂಡು, ಮುಂದಿನದನ್ನೆಲ್ಲ ಕಾಲಿನಿಂದಲೇ ಗಳಿಸಬೇಕು. ಅಳೆಯುವುದು ಕೊನೆಯ ಮೈಲಿಯನ್ನು.

ಚಕ್ರಗಳು 17 ಇಂಚಿನ ಮೋಟರ್‌ಸೈಕಲ್ಲಿನವು. ಆ ವೇಗದಲ್ಲಿ ಟೈರಿನ ಹೊರಮೈಯ ಒಂದೊಂದು ಗ್ರಾಂ ರಬ್ಬರೂ ಎರಡು ಕಿಲೋಗಿಂತ ಹೆಚ್ಚಿನ ಬಲದಿಂದ ಹೊರಕ್ಕೆ ಜಗ್ಗುತ್ತದೆ, ಸೈಕಲ್ ಟೈರು ರಿಮ್ಮಿನಿಂದ ಎದ್ದೇಹೋದೀತು. ಹ್ಯಾಂಡಲ್ ಅದುರಲು ಶುರುವಾದರೆ ಕೈಯಿಂದ ತಡೆಯಲಾಗದು, ಅದಕ್ಕೊಂದು ಡ್ಯಾಂಪರ್, ಅಂದರೆ ಅದುರುವಿಕೆ ತಗ್ಗಿಸುವ ಸಾಧನ.

ಇನ್ನು ಮರೆಯೊಳಗೆ ನಿಲ್ಲುವ ಕಷ್ಟ. ಕಾರಿಗೂ ಸೈಕಲ್ಲಿಗೂ ಗಂಟೆಗೆ ಬರೀ ಒಂದು ಕಿ.ಮೀ. ವ್ಯತ್ಯಾಸವಾದರೆ ಪ್ರತಿ ಸೆಕೆಂಡಿಗೆ 28 ಸೆಂಟಿಮೀಟರ್ ಅಂತರ ಬೆಳೆಯುತ್ತದೆ, ಇಲ್ಲವೇ ಕರಗುತ್ತದೆ. ಮುಂದೆ ಹೋದರೆ ಗೂಡಿನ ಬಂಪರಿಗೆ ತಾಗುತ್ತೀರಿ. ಹಿಂದೆ ಬಿದ್ದು ಮರೆ ತಪ್ಪಿದರೆ 110 ಕಿಲೋ ಭಾರದ ಗಾಳಿ ಎದೆಗೆ ಬಡಿಯುತ್ತದೆ. 1995ರಲ್ಲಿ ಇದೇ ಬಯಲಲ್ಲಿ ಗಂಟೆಗೆ 268.8 ಕಿ.ಮೀ. ವೇಗದ ದಾಖಲೆ ಬರೆದ ಡಚ್ ಸವಾರ ಫ್ರೆಡ್ ರೊಂಪೆಲ್‌ಬರ್ಗ್ ಅದಕ್ಕೂ ಮೊದಲು 1988ರಲ್ಲಿ ಅಲ್ಲೇ ಬಿದ್ದು ಹಲವು ಮೂಳೆ ಮುರಿದುಕೊಂಡಿದ್ದರು.

ಹಾಗಾಗಿ ನನ್ನ ಉತ್ತರ: ಮೋಸವಲ್ಲ, ಆದರೆ ಒಬ್ಬರ ದಾಖಲೆಯೂ ಅಲ್ಲ. ಹಿಂದಿರುವವರ ಕಾಲಿನ ಕಸುವು ನೋಡಿಕೊಂಡೇ ಡ್ರೈವರ್ ಆಕ್ಸಿಲರೇಟರ್ ಒತ್ತಬೇಕು. ಮೈಲಿ ಮುಗಿದ ಮೇಲೂ ತಟ್ಟನೆ ಕಾಲು ತೆಗೆಯುವಂತಿಲ್ಲ. ಸವಾರರನ್ನು ಮರೆಯಲ್ಲೇ ಇಟ್ಟುಕೊಂಡು ನಿಧಾನವಾಗಿ ವೇಗ ಇಳಿಸಬೇಕು.