ಪಿಸ್ಸಾರೊನ ಬಾಗಿದ ಹೆಂಗಸು

ಬೆಳಕಿಗೆ ಜಲವರ್ಣ ಮಾಸುತ್ತದೆಯಾದ್ದರಿಂದ ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ವಸ್ತುಸಂಗ್ರಹಾಲಯದಲ್ಲಿ ಕಾಗದದ ಮೇಲಿನ ಚಿತ್ರಗಳು ಹೆಚ್ಚು ಕಾಲ ಪೆಟ್ಟಿಗೆಗಳಲ್ಲೇ ಇರುತ್ತವೆ. ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋದವರಿಗೆ ಅವನ್ನು ಪ್ರತ್ಯೇಕ ಕೋಣೆಯೊಂದರಲ್ಲಿ ತೆಗೆದು ತೋರಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನ ಚಿತ್ರಕಾರ ಕಮೀಲ್ ಪಿಸ್ಸಾರೊನ ರೇಖಾಚಿತ್ರಗಳ ಬಹುದೊಡ್ಡ ಸಂಗ್ರಹ ಅಲ್ಲಿದೆ. ಹಿರಿಯ ಮಗ ಲ್ಯೂಸಿಯೆನ್ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಕಾರಣ ಆ ಕುಟುಂಬದಿಂದಲೇ ಅದು ಬಂದದ್ದು. ರೈತ ಹೆಂಗಸರ ಅಧ್ಯಯನಚಿತ್ರಗಳನ್ನು ನೋಡಬೇಕೆಂದು ನಾನು ಕೇಳಿಕೊಂಡಿದ್ದೆ. ಪೆನ್ನು ಒಳಗಿಡಬೇಕು, ಪೆನ್ಸಿಲ್ ಮಾತ್ರ ಬಳಸಬೇಕು ಎಂದು ಹೇಳಿ, ಅಲ್ಲಿನ ಸಿಬ್ಬಂದಿಯೊಬ್ಬರು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು.

ಅದರಲ್ಲಿ ಬಹಳ ಹೊತ್ತು ನನ್ನನ್ನು ಹಿಡಿದಿಟ್ಟದ್ದು ಹಿಂದಿನಿಂದ ಕಂಡಂತೆ ಬರೆದ, ಬಾಗಿದ ಹೆಂಗಸಿನ ಒಂದು ಹಾಳೆ. ಕಪ್ಪು ಚಾಕ್‌ನ ಗೆರೆ. ಲಂಗಕ್ಕೆ ಮಾತ್ರ ತೆಳುವಾದ ನೀಲಿ. ಬಣ್ಣದ ನೀರು ನಿಂತು ಒಣಗಿದ ಕಡೆ ಅದರ ಅಂಚು ಗಾಢವಾಗಿ ಉಳಿದಿತ್ತು. ಬೆನ್ನಿನ ಗೆರೆ ಒಂದೇ ಎಳೆತದಲ್ಲಿ ಬಂದಿದ್ದರೆ, ಹಿಮ್ಮಡಿಯನ್ನು ಮಾತ್ರ ಮತ್ತೆ ಮತ್ತೆ ತಿದ್ದಿದ ಗುರುತುಗಳಿದ್ದವು. ಕಳೆ ಕೀಳುವವರನ್ನು ನೋಡುತ್ತ ಬೆಳೆದ ನನಗೆ ಆ ತಿದ್ದುವಿಕೆ ಸುಲಭವಾಗಿ ಅರ್ಥವಾಯಿತು: ಬಾಗಿದ ಮೈಯ ಭಾರ ಎಲ್ಲಿ ಬೀಳುತ್ತದೆಂಬುದು ತಪ್ಪಿದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಆಕೆ ಕೊಯ್ಲಾದ ಹೊಲದಲ್ಲಿ ಉಳಿದ ತೆನೆಗಳನ್ನು ಹೆಕ್ಕುತ್ತ ಹಕ್ಕಲಾಯುತ್ತಿದ್ದಾಳೋ, ಹುಲ್ಲು ಕೀಳುತ್ತಿದ್ದಾಳೋ ಹೇಳುವಂತಿರಲಿಲ್ಲ, ಏಕೆಂದರೆ ಕಾಲ ಕೆಳಗಿನ ನೆಲವನ್ನೇ ಅವನು ಬರೆದಿರಲಿಲ್ಲ. ಇಂಥ ಆಕೃತಿಗಳನ್ನು ಬಿಡಿಬಿಡಿಯಾಗಿ ಸಿದ್ಧಪಡಿಸಿಟ್ಟುಕೊಂಡು, ಬೇಕಾದಾಗ ಒಂದಕ್ಕಿಂತ ಹೆಚ್ಚು ಚಿತ್ರಗಳಲ್ಲಿ ಕೂರಿಸುವುದು ಅವನ ರೂಢಿಯಾಗಿತ್ತು.

ಈ ರೂಢಿಯ ಬೆಲೆ ತಿಳಿಯಬೇಕಾದರೆ ಅವನು 1884ರಲ್ಲಿ ಫ್ರಾನ್ಸಿನ ಎರಾನ್ಯಿ ಹಳ್ಳಿಗೆ ಬಂದು ನೆಲೆಸಿದ ನಂತರದ ವರ್ಷಗಳನ್ನು ನೆನೆಯಬೇಕು. ತನಗಿಂತ ಬಹಳ ಚಿಕ್ಕವನಾದ ಚಿತ್ರಕಾರ ಸರಾನಿಂದ ಚುಕ್ಕಿಗಳಲ್ಲಿ ಬಣ್ಣ ಇಡುವ ಕ್ರಮವನ್ನು ಕಲಿತ ಪಿಸ್ಸಾರೊ, ಆ ಕ್ರಮದ ನಿಧಾನಕ್ಕೆ ಬೇಸತ್ತು ಕೆಲವೇ ವರ್ಷಗಳಲ್ಲಿ ಅದನ್ನು ಬಿಟ್ಟ. ಹಾಗೆ ಚುಕ್ಕಿಯಿಡುವಷ್ಟು ಹೊತ್ತು ಹೊಲದ ಬಿಸಿಲೂ ಕಾಯುವುದಿಲ್ಲ, ಕೂಲಿಯವರೂ ಬಾಗಿ ನಿಂತಿರುವುದಿಲ್ಲ. ಎದುರಿಗೆ ಕಂಡದ್ದನ್ನು ಚಾಕ್ ಮತ್ತು ಜಲವರ್ಣದಲ್ಲಿ ಹಿಡಿದು, ಉಳಿದದ್ದನ್ನು ಮನೆಯೊಳಗೆ ಕುಳಿತೇ ಮುಗಿಸಬೇಕು. ಈಗ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ, 1889ರ 'ಹಕ್ಕಲಾಯುವವರು' ಎಂಬ ಅವನ ವರ್ಣಚಿತ್ರ ಆ ಚುಕ್ಕಿಗಳ ಕಾಲದ್ದು. ಅದನ್ನು ನಾನು ಅಚ್ಚಿನಲ್ಲಿ ಮಾತ್ರ ನೋಡಿದ್ದೇನೆ. ಅಲ್ಲಿ ಬೆಳಕು ಅದ್ಭುತವಾಗಿದೆ, ಆದರೆ ಹೆಂಗಸರ ಮೈ ಹಗುರವಾಗಿಬಿಟ್ಟಿದೆ ಎಂಬುದು ನನ್ನ ಅಭಿಪ್ರಾಯ.

ರೈತರ ಚಿತ್ರಗಳಿಗೆ ಹೆಸರಾದ ಹಿರಿಯ ಚಿತ್ರಕಾರ ಮಿಲೆಗೆ ತನ್ನನ್ನು ಹೋಲಿಸಿದರೆ ಪಿಸ್ಸಾರೊಗೆ ಸಿಟ್ಟು ಬರುತ್ತಿತ್ತು. ಮಿಲೆಯದು ಬೈಬಲ್ಲಿನ ಗಾಂಭೀರ್ಯ, ಯಹೂದಿಯಾದ ತನ್ನಲ್ಲಿ ಅದು ಅಷ್ಟಾಗಿ ಇಲ್ಲ ಎಂದು ಅವನು ಪತ್ರವೊಂದರಲ್ಲಿ ಗೇಲಿ ಮಾಡಿದ್ದ. ಆ ಹಾಳೆಯ ಹೆಂಗಸಿನಲ್ಲಿ ಪೂಜ್ಯತೆಯೂ ಇಲ್ಲ, ದೈನ್ಯವೂ ಇಲ್ಲ. ಅವಳ ಮುಖವೇ ನಮಗೆ ಕಾಣುವುದಿಲ್ಲ. ಮುಖ ಬರೆದ ಅಧ್ಯಯನಗಳೂ ಅದೇ ಪೆಟ್ಟಿಗೆಯಲ್ಲಿದ್ದವು, ಚೆನ್ನಾಗಿಯೂ ಇದ್ದವು. ಆದರೆ ಅವುಗಳಲ್ಲಿ ಹೆಂಗಸು ಕೆಲಸ ಬಿಟ್ಟು ಚಿತ್ರಕಾರನಿಗಾಗಿ ನಿಂತಿದ್ದಾಳೆಂಬುದು ಗೊತ್ತಾಗಿಬಿಡುತ್ತದೆ.